ಬಿದ್ದ ಜಾಗ

ನಮ್ಮ ಅಂಚೆ ಆಫೀಸಿನಲ್ಲಿ ಯಾರೂ ಬೀಳುವುದಿಲ್ಲ. ಬೀಳುವವರೆಲ್ಲ ಮನೆಯಲ್ಲೇ ಬೀಳುತ್ತಾರೆ.

ಚೀಲ ಎಳೆಯುವಾಗ ಭುಜ ಜಾರಿದವನು ಮನೆಯಲ್ಲಿ ಕೊಡ ಎತ್ತಲು ಹೋಗಿ ಜಾರಿಸಿಕೊಂಡಿರುತ್ತಾನೆ. ಪಾರ್ಸೆಲ್ ಸಾಗಿಸುವ ಬೆಲ್ಟಿನ ಉರುಳೆಗೆ ಬೆರಳು ಕೊಟ್ಟವಳು ಮನೆಯ ಬಾಗಿಲ ಸಂದಿಗೆ ಕೊಟ್ಟಿರುತ್ತಾಳೆ. ಒಬ್ಬ ಮೆಟ್ಟಿಲಿಂದ ಉರುಳಿ ಮುಂದಿನ ಹಲ್ಲು ಕಳೆದುಕೊಂಡ. ಅವನ ಮನೆಗೆ ಮೆಟ್ಟಿಲೇ ಇಲ್ಲ. ಅದನ್ನು ಕೇಳಿದವರೂ ಇಲ್ಲ.

ಮುಂಬಾಗಿಲ ಹತ್ತಿರ ಒಂದು ಹಲಗೆ ತೂಗುಹಾಕಿದ್ದಾರೆ. ಅಪಘಾತವಿಲ್ಲದ ದಿನಗಳು ಎಂದು ಮೇಲೆ ಬರೆದಿದೆ, ಕೆಳಗೆ ಒಂದು ಸಂಖ್ಯೆ. ಬೆಳಗಾದರೆ ಅದು ಒಂದು ಏರುತ್ತದೆ. ಆ ಸಂಖ್ಯೆ ಬೆಳೆದ ಹಾಗೆ ನಮ್ಮ ಸಾಹೇಬರು ಬೆಳೆಯುತ್ತಾರೆ. ಹಿಂದಿನ ಸಾಹೇಬರು ಅದೇ ಹಲಗೆ ಹತ್ತಿ ಕೇಂದ್ರ ಕಚೇರಿ ಸೇರಿದರು. ಈಗಿನವರೂ ಒಂದು ಕಾಲು ಇಟ್ಟಿದ್ದಾರೆ. ಅವರು ಏರಬೇಕಾದರೆ ನಾವು ಬೀಳಬಾರದು. ಬಿದ್ದರೂ ಬೇರೆ ಕಡೆ ಬೀಳಬೇಕು.

ಅದಕ್ಕೊಂದು ಪದ್ಧತಿ ಇದೆ. ಬಿದ್ದವರನ್ನು ಚೀಲದ ಟ್ರಾಲಿಯ ಮೇಲೆ ಮಲಗಿಸುವುದು. ಹಿಂದಿನ ಗೇಟಿನಿಂದ ಅಂಚೆ ವ್ಯಾನಿಗೆ, ವ್ಯಾನಿನಿಂದ ಅವರವರ ಮನೆಗೆ. ಹೊಸ್ತಿಲ ಮೇಲೆ ಇಳಿಸಿದ ಮೇಲೆ ಆಂಬುಲೆನ್ಸಿಗೆ ಫೋನು ಮಾಡುವುದು. ಪಾರ್ಸೆಲ್ ತಲುಪಿಸಿದ ಹಾಗೆಯೇ. ಇದನ್ನು ಯಾರೂ ಯಾರಿಗೂ ಕಲಿಸಿಕೊಡುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಒಬ್ಬರಾದರೂ ಬೀಳುತ್ತಾರೆ, ಹೊಸಬರು ಕಲಿತುಬಿಡುತ್ತಾರೆ.

ನಾನು ಇಲ್ಲಿ ಚೀಲ ಹೊರುವವಳು. ಹೆಸರು ಏನೇ ಇರಲಿ, ಕಾಗದ ವಿಂಗಡಿಸುವ ಈ ಹಾಲ್‌ನಲ್ಲಿ ನಾನು ಚೀಲದಕ್ಕ. ವ್ಯಾನಿನಿಂದ ಚೀಲ ಇಳಿಸಬೇಕು, ಎದೆಮಟ್ಟದ ಕಟ್ಟೆಗೆ ಏರಿಸಬೇಕು, ಬಾಯಿ ಬಿಚ್ಚಿ ಮೇಜಿನ ಮೇಲೆ ಸುರಿಯಬೇಕು. ಮೇಜಿನವರು ಊರೂರಿಗೆ ವಿಂಗಡಿಸಿದ ಮೇಲೆ ಮತ್ತೆ ತುಂಬಿ ಮತ್ತೆ ವ್ಯಾನಿಗೆ ಏರಿಸಬೇಕು. ಕಾಗದ ಹಗುರ ಎಂದು ಜನ ತಿಳಿದಿದ್ದಾರೆ. ಒಂದು ಕಾಗದ ಹಗುರವೇ. ಒಂದು ಚೀಲ ಕಾಗದ ಎತ್ತಿ ನೋಡಲಿ, ಹೆತ್ತವಳು ನೆನಪಾಗುತ್ತಾಳೆ.

ನನ್ನನ್ನು ಹೆತ್ತವಳು ಇದೇ ಹಾಲ್ ಗುಡಿಸುತ್ತಿದ್ದಳು. ಅಮ್ಮ ಪೊರಕೆ ಹಿಡಿದು ಬಂದರೆ ಮೇಜಿನವರು ಕಾಲು ಎತ್ತುತ್ತಿದ್ದರು, ಮುಖ ಎತ್ತುತ್ತಿರಲಿಲ್ಲ. ಅವಳು ನಿವೃತ್ತಿಯಾದ ದಿನ ಹಾರ ಹಾಕುವ ಮೊದಲು ಅವಳ ಹೆಸರೇನೆಂದು ಅವಳನ್ನೇ ಕೇಳಿದರು. ಮನೆಯಲ್ಲಿ ನಾವಿಬ್ಬರೇ, ಅಮ್ಮ ಮತ್ತು ನಾನು. ಅಮ್ಮನಿಗೆ ಒಂದೇ ಹಟ.

"ಅಲ್ಲಿರೋ ಎಲ್ಲಾ ಕುರ್ಚಿ ಕೆಳಗೂ ಬಗ್ಗಿ ಗುಡಿಸಿದ್ದೀನಿ ಕಣೇ. ಒಂದರ ಮೇಲಾದರೂ ನೀನು ಕೂತ್ಕೋಬೇಕು," ಅನ್ನುತ್ತಿದ್ದಳು.

ಚೀಲಕ್ಕೆ ಇಬ್ಬರು ಬೇಕು. ನನ್ನ ಜೋಡಿಯನ್ನು ಎಲ್ಲರೂ ಅರಗು ಅನ್ನುತ್ತಿದ್ದರು. ಚೀಲದ ಬಾಯಿಗೆ ಅರಗು ಕರಗಿಸಿ ಮೊಹರು ಒತ್ತುವ ಕೆಲಸಕ್ಕೆ ಬಂದವನು, ಆ ಹೆಸರೇ ಅಂಟಿಕೊಂಡಿತು. ಬಿಸಿ ಇರುವಾಗ ಮೆತ್ತಗೆ, ಆರಿದ ಮೇಲೆ ಕಲ್ಲು, ಎಂದು ಹಾಲ್‌ನವರು ತಮಾಷೆ ಮಾಡುತ್ತಿದ್ದರು. ನಾನು ನಗುತ್ತಿದ್ದೆ. ಅವನು ನನಗಿಂತ ಚಿಕ್ಕವನು. ಅಕ್ಕಾ ಅನ್ನುತ್ತಿದ್ದ, ನಾನು ತಮ್ಮಾ ಅನ್ನುತ್ತಿದ್ದೆ. ಬರೀ ಬಾಯಿಮಾತಿನ ನಂಟಲ್ಲ. ಅವನ ಹೆಂಡತಿಯ ಬಾಣಂತನ ಮಾಡಿದ್ದು ನನ್ನಮ್ಮ. ಅವನ ಮಗು ಮೊದಲು ಅಂಬೆಗಾಲಿಟ್ಟದ್ದು ನಮ್ಮ ಮನೆಯ ಚಾಪೆಯ ಮೇಲೆ.

ಚೀಲ ಎತ್ತಲು ಒಂದು ಲಯ ಇದೆ. ಇಬ್ಬರೂ ಒಂದೊಂದು ತುದಿ ಹಿಡಿಯಬೇಕು. ಒಮ್ಮೆ ತೂಗಬೇಕು, ಇನ್ನೊಮ್ಮೆ ತೂಗಬೇಕು, ಮೂರನೆಯದಕ್ಕೆ ಕಟ್ಟೆಯ ಮೇಲೆ ಎಸೆಯಬೇಕು. ಕೆಲವು ವರ್ಷಗಳ ಹಿಂದೆ ಒಂದು ದಿನ, ಎರಡನೆಯ ತೂಗಿಗೆ ಚೀಲ ಗಾಳಿಯಲ್ಲಿತ್ತು. ಸಾಹೇಬರು ಒಳಗೆ ಬಂದರು. ಅರಗು ಸಲಾಂ ಹೊಡೆದ. ಸಲಾಂ ಹೊಡೆಯಲು ಕೈ ಬೇಕಲ್ಲ, ಚೀಲ ಬಿಟ್ಟ.

ಇಡೀ ಭಾರ ನನ್ನ ಮೇಲೆ ತಿರುಗಿತು. ಸೊಂಟ ಕಟ್ಟೆಯ ಅಂಚಿಗೆ ಬಡಿಯಿತು. ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ಅದು ನನ್ನೊಳಗಿಂದ ಬಂದದ್ದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನೆಲದ ಮೇಲೆ ನಾನು, ನನ್ನ ಮೇಲೆ ಚೀಲ. ಸಾಹೇಬರು ಕೈಗಡಿಯಾರ ನೋಡಿಕೊಂಡು ಹೊರಗೆ ಹೋದರು. ಅವರು ನೋಡಲಿಲ್ಲ. ನೋಡದೆ ಇರುವುದೂ ಅವರ ಹುದ್ದೆಯ ಕೆಲಸಗಳಲ್ಲಿ ಒಂದು.

ಟ್ರಾಲಿ ಬಂತು. ವ್ಯಾನಿನಲ್ಲಿ ಅರಗು ನನ್ನ ಕಾಲು ಹಿಡಿದುಕೊಂಡು ಅತ್ತ. ನಿಜವಾಗಿಯೂ ಅತ್ತ, ಸುಳ್ಳು ಹೇಳಬಾರದು.

"ಅಕ್ಕಾ, ಚೀಲ ಬಿಟ್ಟಿದ್ದು ನಾನು ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ. ನಂದಿನ್ನೂ ಖಾಯಂ ಆಗಿಲ್ಲ. ಮಗು ಮುಖ ನೋಡಿ ಅಕ್ಕಾ. ಮನೇಲಿ ಬಿದ್ದೆ ಅಂದ್ಬಿಡಿ. ಸಾಯೋವರೆಗೂ ಮರೆಯಲ್ಲ."

ನೋವಿಗೆ ನನ್ನ ಹಲ್ಲು ಕಟ್ಟಿತ್ತು. ಹೂಂ ಅಂದೆ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ವ್ಯಾನು ನೋಡಿದಳು, ಟ್ರಾಲಿ ನೋಡಿದಳು, ಅರಗುವಿನ ಒದ್ದೆ ಮುಖ ನೋಡಿದಳು. ಏನಾಯಿತು ಎಂದು ಕೇಳಲಿಲ್ಲ. ಆ ಹಾಲ್‌ನಲ್ಲಿ ಬದುಕು ಸವೆಸಿದವಳು, ಅವಳೂ ಎಷ್ಟೋ ಸಲ ಮನೆಯಲ್ಲಿ ಬಿದ್ದವಳು. ವ್ಯಾನಿನವರು ನನ್ನನ್ನು ಹೊಸ್ತಿಲ ಮೇಲೆ ಇಳಿಸಿದರು. ಅಮ್ಮ ಒಳಗೆ ಹೋಗಿ ಒಂದು ಕೊಡ ನೀರು ತಂದು ಬಾಗಿಲ ಕಲ್ಲಿನ ಮೇಲೆ ಸುರಿದಳು. ನನ್ನ ಬಟ್ಟೆಯೂ ನೆನೆಯಿತು, ಕೂದಲೂ ನೆನೆಯಿತು.

"ಒಣ ನೆಲದ ಮೇಲೆ ಜಾರಿದ್ಲು ಅಂದ್ರೆ ಯಾರು ನಂಬ್ತಾರೆ?" ಅಂದಳು.

ತಿಂಗಳುಗಟ್ಟಲೆ ಮಲಗಿದೆ. ಉಣ್ಣುವುದೂ ಅಲ್ಲೇ, ಉಳಿದದ್ದೂ ಅಲ್ಲೇ. ವಯಸ್ಸಾದ ಅಮ್ಮ ನನ್ನನ್ನು ಮಗುವಿನ ಹಾಗೆ ಹೊರಳಿಸಿ ಒರೆಸಿದಳು. ಅರಗು ಮೊದಮೊದಲು ವಾರಕ್ಕೊಮ್ಮೆ ಬಂದ, ಆಮೇಲೆ ಹೆಂಡತಿಯನ್ನು ಕಳಿಸಿದ, ಆಮೇಲೆ ವಿಚಾರಿಸಿದ್ದೇನೆ ಎಂದು ಹೇಳಿ ಕಳಿಸಿದ. ನಾನು ಎದ್ದು ಕೆಲಸಕ್ಕೆ ಹೋದೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಅದೇ ಚೀಲ ಹಿಡಿದೆ. ಈಗಲೂ ಹಾಸಿಗೆಯಿಂದ ಏಳಬೇಕಾದರೆ ಮೊದಲು ಪಕ್ಕಕ್ಕೆ ಹೊರಳಬೇಕು, ಆಮೇಲೆ ಮಂಡಿ ಊರಬೇಕು, ಆಮೇಲೆ ಗೋಡೆ ಹಿಡಿಯಬೇಕು. ಗೋಡೆ ಇಲ್ಲದ ಕಡೆ ನಾನು ಮಲಗುವುದಿಲ್ಲ.

ಹೋದ ವರ್ಷ ಡಾಕ್ಟರು ಸೊಂಟದ ಎಕ್ಸ್‌ರೇ ತೆಗೆಸಿ ನೋಡಿ ಹೇಳಿದರು. "ಇನ್ನೂ ಭಾರ ಎತ್ತಿದ್ರೆ ಒಂದು ದಿನ ಎರಡೂ ಕಾಲು ನಿಮ್ಮ ಮಾತು ಕೇಳಲ್ಲ." ಎತ್ತದಿದ್ದರೆ ಕೆಲಸ ನನ್ನ ಮಾತು ಕೇಳುವುದಿಲ್ಲ. ಇದನ್ನು ಡಾಕ್ಟರಿಗೆ ಹೇಳಲಿಲ್ಲ.

ಆ ಹೊತ್ತಿಗೆ ಹೊಸ ಆದೇಶ ಬಂತು. ಹಾಲ್ ಸೂಪರ್‌ವೈಸರ್ ಹುದ್ದೆಗೆ ಇನ್ನು ಮೇಲೆ ಚೀಲ ಹೊರುವವರನ್ನೂ ಪರಿಗಣಿಸಬೇಕು ಎಂದಿತ್ತು. ನಮ್ಮ ಹಾಲ್‌ನಲ್ಲಿ ಚೀಲ ಹೊತ್ತವರು ಯಾರೂ ಕುರ್ಚಿ ಕಂಡವರಲ್ಲ. ಮೊದಲ ಸಲ ಬಾಗಿಲು ತೆರೆಯಿತು. ಚೀಲದವರ ಪೈಕಿ ಸೇವೆಯಲ್ಲಿ ನಾನೇ ಹಿರಿಯಳು. ನನ್ನ ನಂತರ ಅರಗು.

ನನಗಿದ್ದ ಅಡ್ಡಿ ಒಂದೇ, ಸ್ವಂತ ಕಾರಣಕ್ಕೆ ತಿಂಗಳುಗಟ್ಟಲೆ ಹಾಕಿದ ರಜೆ. ಕೆಲಸದಲ್ಲಿ ಬಿದ್ದು ಹಾಕಿದ ರಜೆಯಾದರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯಲ್ಲಿ ಬಿದ್ದು ಹಾಕಿದ್ದಾದರೆ ಹಿಡಿಯುತ್ತಾರೆ, ಬಡ್ತಿ ಇಲ್ಲ. ನನ್ನ ಕುರ್ಚಿ, ನನ್ನ ಎರಡು ಕಾಲು, ಅಮ್ಮನ ಹಟ, ಎಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು. ನಾನು ಬಿದ್ದದ್ದು ಎಲ್ಲಿ?

ಆಯ್ಕೆ ಸಮಿತಿ ಕೂರುವ ಹಿಂದಿನ ಸಂಜೆ ಅರಗು ತಾನಾಗಿಯೇ ಮನೆಗೆ ಬಂದ. ಅಮ್ಮ ಊಟಕ್ಕೆ ಹಾಕಿದಳು. ಎರಡು ಸಲ ಬಡಿಸಿಕೊಂಡ.

"ಅಕ್ಕಾ, ನೀವು ಇದ್ದದ್ದು ಇದ್ದ ಹಾಗೆ ಹೇಳಿ. ನನ್ನ ಕರೆಸಿದ್ರೆ ನಾನೂ ಹೇಳ್ತೀನಿ. ಚೀಲ ಬಿಟ್ಟಿದ್ದು ನಾನೇ ಅಂತೀನಿ. ಈಗ ನಾನು ಖಾಯಂ, ನನ್ನ ಕೂದಲೂ ಕೊಂಕಲ್ಲ."

"ಅವಳಾದ್ಮೇಲೆ ನಿನ್ನದೇ ಸರದಿ ಅಂತಲ್ಲೋ," ಅಂದಳು ಅಮ್ಮ.

"ನನಗೇನು ಅವಸರ ಅಮ್ಮಾ? ಅಕ್ಕ ಕೂತ್ರೆ ನಾನೇ ಕೂತ ಹಾಗೆ."

ಅವನು ಹೋದ ಮೇಲೆ ಅಮ್ಮ ತಟ್ಟೆ ಎತ್ತುತ್ತಾ, "ಬಾಯಿ ಬೆಲ್ಲ, ಕರುಳು ಕತ್ತರಿ ಅಂತಾರೆ," ಅಂದಳು. ಅವನ ಮಗುವಿಗೆ ನೀರು ಹಾಕಿ ಬೆಳೆಸಿದ್ದು ನೀನೇ, ನಿನ್ನ ಬಾಯಲ್ಲಿ ಇದೇನು ಮಾತು ಎಂದು ನಾನು ಅವಳ ಮೇಲೆ ರೇಗಿದೆ.

ಸಮಿತಿಯಲ್ಲಿ ಮೂವರಿದ್ದರು. ನಮ್ಮ ಸಾಹೇಬರು, ಅವರ ಪಕ್ಕ ತೂಕಡಿಸುತ್ತಿದ್ದ ಒಬ್ಬರು, ಕೇಂದ್ರ ಕಚೇರಿಯಿಂದ ಬಂದ ಒಬ್ಬ ಅಧಿಕಾರಿಣಿ. ಎದುರಿಗೆ ಒಂದು ಖಾಲಿ ಕುರ್ಚಿ ಇತ್ತು. ಕೂರಿ ಎಂದು ಯಾರೂ ಅನ್ನಲಿಲ್ಲ. ನಾನು ಅದರ ಬೆನ್ನು ಹಿಡಿದುಕೊಂಡು ನಿಂತೆ.

"ಇಷ್ಟು ಉದ್ದ ರಜೆ ಯಾಕೆ ಹಾಕಿದ್ರಿ?" ಎಂದು ಅಧಿಕಾರಿಣಿ ಕೇಳಿದರು. ದನಿ ಮೃದುವಾಗಿತ್ತು.

"ಬಿದ್ದೆ ಮೇಡಂ. ಹಾಲ್‌ನಲ್ಲಿ. ಚೀಲ ಮೇಲೆ ಬಿತ್ತು."

ಸಾಹೇಬರು ಕನ್ನಡಕ ತೆಗೆದರು. "ಮನೆಯಲ್ಲಿ ಅಂತ ಆವಾಗ ನೀವೇ ಹೇಳಿದ್ದೀರಿ."

"ಹೇಳಿದ್ದೆ ಸರ್. ಇಲ್ಲಿ ಎಲ್ಲರೂ ಹಾಗೇ ಹೇಳೋದು. ತಮಗೂ ಗೊತ್ತು."

"ನನಗೇನು ಗೊತ್ತು?" ಅಂದರು ಸಾಹೇಬರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಗೊತ್ತಿಲ್ಲದವರ ಮುಖ ಮಾಡುವುದು ಅವರಿಗೆ ಉಸಿರಾಡಿದಷ್ಟು ಸಲೀಸು.

ನೋಡಿದವರು ಯಾರಿದ್ದಾರೆ ಎಂದು ಅಧಿಕಾರಿಣಿ ಕೇಳಿದರು. ಜೋಡಿಯಲ್ಲಿದ್ದವನನ್ನೇ ಕರೆಸಿ ಅಂದೆ. ಅರಗು ಬಂದ. ಹೊಸ ಅಂಗಿ ಹಾಕಿದ್ದ, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದ. "ಕೂತ್ಕೋಪ್ಪಾ," ಅಂದರು ಸಾಹೇಬರು. ನಾನು ಹಿಡಿದುಕೊಂಡಿದ್ದ ಕುರ್ಚಿಯಲ್ಲಿ ಅವನು ಕೂತ. ನಾನು ಕೈ ತೆಗೆದೆ.

"ಇವರು ಬಿದ್ದಾಗ ನೀವು ಎಲ್ಲಿದ್ರಿ?" ಎಂದು ಅಧಿಕಾರಿಣಿ ಕೇಳಿದರು.

ಅವನು ತಿರುಗಿ ನನ್ನನ್ನು ನೋಡಿದ. ತಲೆ ತಗ್ಗಿಸಿಯಾದರೂ ಹೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಕಣ್ಣಲ್ಲಿ ಕಣ್ಣಿಟ್ಟ, ಅದೇ ಅಕ್ಕಾ ಅನ್ನುವ ಮುಖ.

"ಅಕ್ಕನ ಮನೆ ಬಾಗಿಲಲ್ಲೇ ಇದ್ದೆ ಮೇಡಂ. ಬಾಗಿಲ ಕಲ್ಲಿನ ಮೇಲೆಲ್ಲ ನೀರಿತ್ತು. ಪಾಪ ಅಕ್ಕನ ಬಟ್ಟೆ, ಕೂದಲು ಎಲ್ಲ ಒದ್ದೆಯಾಗಿತ್ತು. ನಾನೇ ಆಂಬುಲೆನ್ಸ್ ಕರೆಸಿದ್ದು."

ಅಮ್ಮ ಸುರಿದ ನೀರು. ಅವನ ಹೊಟ್ಟೆಪಾಡು ಉಳಿಸಲು ಅಮ್ಮ ತನ್ನ ಕೈಯಾರೆ ಸುರಿದ ಆ ನೀರಿನಲ್ಲೇ ನನ್ನನ್ನು ಮುಳುಗಿಸಿದ. ಬಿಡಿಬಿಡಿಯಾಗಿ ನೋಡಿದರೆ ಒಂದು ಮಾತೂ ಸುಳ್ಳಿರಲಿಲ್ಲ, ಕೂಡಿಸಿದರೆ ಎಲ್ಲವೂ ಸುಳ್ಳು. ಅಧಿಕಾರಿಣಿ ನನ್ನತ್ತ ನೋಡಿದ ನೋಟದಲ್ಲಿ ಕರುಣೆ ಇತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಮೇಲೆ ತೋರಿಸುವ ಕರುಣೆ.

ವಾರದೊಳಗೆ ಬಡ್ತಿಯ ಆದೇಶ ಬಂತು. ಅರಗು ಸೂಪರ್‌ವೈಸರ್ ಆದ.

ಮೊದಲ ದಿನ ಸಿಹಿಯ ಡಬ್ಬಿ ಹಿಡಿದು ಮೇಜು ಮೇಜಿಗೂ ಹೋದ. ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ. ನಿಜ ಹೇಳಿದ್ರೆ ಸಾಹೇಬರು ನಮ್ಮಿಬ್ಬರನ್ನೂ ಮುಗಿಸ್ತಿದ್ರು. ಒಬ್ಬರಾದ್ರೂ ದಡ ಸೇರಿದ್ವಲ್ಲ. ಈಗ ನಾನು ಮೇಲಿದ್ದೀನಿ, ಮುಂದಿನ ಸಲ ನಿಮ್ಮದೇ. ನನ್ನ ಮಾತು."

ನಾನು ಸಿಹಿ ಮುಟ್ಟಲಿಲ್ಲ. ಆದರೆ ಮುಂದಿನ ಸಲ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಅವನ ಮೇಲೆ ಕಾರಬೇಕೆಂದು ಬಾಯಿಗೆ ಬಂದದ್ದನ್ನು ಆ ಒಂದು ಮಾತಿಗಾಗಿ ನುಂಗಿಕೊಂಡೆ. ಬಡವರ ಕೋಪ ದವಡೆಗೆ ಮೂಲ ಎಂದು ಸುಮ್ಮನೆ ಹೇಳಿಲ್ಲ.

ಮಾರನೆಯ ದಿನ ಹಾಲ್‌ನ ನಟ್ಟನಡುವೆ ನನ್ನನ್ನು ಕರೆದ. ಗುಡಿಸುವವಳು ಕೆಲಸ ಬಿಟ್ಟಿದ್ದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಅಕ್ಕನಿಗೆ ಬೆನ್ನು ನೋವು. ಇನ್ಮೇಲೆ ಅಕ್ಕ ಚೀಲ ಮುಟ್ಟಬಾರದು. ಹಗುರದ ಕೆಲಸ ಕೊಡ್ತಾ ಇದ್ದೀನಿ."

ನನ್ನ ಕೈಗೆ ಪೊರಕೆ ಕೊಟ್ಟ.

ಬಗ್ಗಲು ಬಾರದ ಸೊಂಟಕ್ಕೆ ಪೊರಕೆ ಹಗುರವೇ? ಬಗ್ಗಿದೆ. ಮೇಜುಗಳ ಕೆಳಗೆ ಗುಡಿಸಿದೆ. ಮೇಜಿನವರು ಕಾಲು ಎತ್ತಿದರು. ಹಣೆಯ ಬೆವರು ನಾನು ಗುಡಿಸಿದ ನೆಲದ ಮೇಲೇ ಬಿತ್ತು. ಅವನ ಕುರ್ಚಿಯ ಕೆಳಗೆ ಗುಡಿಸುವಾಗ ಅವನೂ ಕಾಲು ಎತ್ತಿದ. ಫೋನಿನಲ್ಲಿ ಮಾತಾಡುತ್ತಿದ್ದ.

ಒಬ್ಬಳು ಮಾತ್ರ ಕುರ್ಚಿ ಬಿಟ್ಟು ಎದ್ದಳು. ಚೀಟಿ ಅಂಟಿಸುವವಳು, ಕೈಗೆ ಸದಾ ಗೋಂದು ಮೆತ್ತಿಕೊಂಡಿರುವುದರಿಂದ ಗೋಂದಕ್ಕ. ನನ್ನ ವಾರಗೆಯವಳು. ನಾವು ಸೇರಿದ ದಿನದಿಂದಲೂ ಒಂದೇ ಡಬ್ಬಿಯ ಊಟ ಹಂಚಿಕೊಂಡವರು. ಅವಳು ಕೆಳಗೆ ಕೂತು ಮೊರ ಹಿಡಿದು ಕಸ ತುಂಬಿಸಿಕೊಟ್ಟಳು.

"ಉಂಡ ಮನೆ ಜಂತೆ ಎಣಿಸಿದ್ನಲ್ಲೇ, ಅವನ ಬಾಯಿಗೆ ಮಣ್ಣು ಬೀಳ," ಎಂದಳು. "ಹತ್ತಿದ ಏಣಿ ಒದ್ದ. ನೀನು ಸುಮ್ಮನಿರಬೇಡ ಕಣೇ. ನಾನಾಗಿದ್ರೆ ಆ ಪೊರಕೇಲೇ ಉತ್ತರ ಕೊಡ್ತಿದ್ದೆ."

ಆ ಮಾತಿಗೆ ನನ್ನ ಎದೆ ತಣ್ಣಗಾಯಿತು. ಹಾಲ್‌ನಲ್ಲಿ ಒಬ್ಬಳಾದರೂ ನನ್ನವಳು ಎಂದುಕೊಂಡೆ.

ಮನೆಯಲ್ಲಿ ಹೇಳಬಾರದೆಂದಿದ್ದೆ. ಆದರೆ ಅಮ್ಮನಿಗೆ ನನ್ನ ಅಂಗೈ ನೋಡಿದರೆ ಸಾಕು. ಚೀಲ ಹಿಡಿದ ಜಡ್ಡು ಬೇರೆ ಕಡೆ ಬೀಳುತ್ತದೆ, ಪೊರಕೆಯ ಬೊಬ್ಬೆ ಬೇರೆ ಕಡೆ ಏಳುತ್ತದೆ. ಅವಳು ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಳು.

"ನಿನ್ನ ಕೈಗೆ ಇದು ಬರಬಾರದು ಅಂತ ತಾನೇ ನಾನು ಹಿಡ್ಕೊಂಡಿದ್ದು," ಅಂದಳು. ಬೊಬ್ಬೆಗೆ ಎಣ್ಣೆ ಸವರುತ್ತಾ, "ಆ ನೀರು ನಾನು ಸುರೀಬಾರದಿತ್ತು," ಅಂದಳು.

ನನಗೆ ಅಳು ಬರಲಿಲ್ಲ, ಉರಿ ಬಂತು. ಎಪ್ಪತ್ತು ದಾಟಿದ ಹೆಂಗಸು ತನ್ನ ಮನೆಯ ಬಾಗಿಲಿಗೆ ಸುರಿದ ನೀರಿಗೆ ತಪ್ಪಿತಸ್ಥೆಯ ಹಾಗೆ ಕೂತಿದ್ದಾಳೆ. ಚೀಲ ಬಿಟ್ಟವನು ಕುರ್ಚಿಯ ಮೇಲೆ ಕೂತಿದ್ದಾನೆ. ನೋಡದೆ ಹೋದವರು ಇನ್ನೂ ದೊಡ್ಡ ಕುರ್ಚಿಗೆ ಕಾಯುತ್ತಿದ್ದಾರೆ.

ಹಾಲ್‌ನಲ್ಲಿ ಈಗ ಚೀಲ ಎತ್ತಲು ಜನ ಕಡಿಮೆಯಾದರು. ನನ್ನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಕಡಿಮೆ ಜನರಲ್ಲಿ ಕೆಲಸ ತೆಗೆಯುತ್ತೇನೆ ಎಂದು ಅರಗು ಸಾಹೇಬರಿಗೆ ಮಾತು ಕೊಟ್ಟಿದ್ದನಂತೆ. ಬಂದ ಚೀಲಗಳು ಕಟ್ಟೆ ಏರದೆ ನೆಲದ ಮೇಲೆ ಒಂದರ ಮೇಲೊಂದು ನಿಂತವು. ಆಳೆತ್ತರ ಆದವು, ಆಮೇಲೆ ಆಳನ್ನೂ ಮೀರಿದವು. ಮುದ್ರೆ ಹೊಡೆಯುವ ಮುದುಕ, ಹಾಲ್‌ನವರು ಮುದ್ರೆ ತಾತ ಅನ್ನುತ್ತಿದ್ದರು, ಇದು ಕುಸಿಯುತ್ತೆ ಎಂದು ಅರಗುವಿಗೆ ಹೇಳಿದ. "ನೀವು ಮುದ್ರೆ ಹೊಡೀರಿ ತಾತ," ಅಂದ ಅರಗು.

ಊಟದ ಹೊತ್ತು ಮುಗಿದು ಎಲ್ಲರೂ ಮೇಜಿಗೆ ಬರುತ್ತಿದ್ದಾಗ ಅದು ಕುಸಿಯಿತು. ಗೋಂದಕ್ಕ ಅದರ ಪಕ್ಕದಲ್ಲಿ ನಡೆದು ಬರುತ್ತಿದ್ದಳು. ಕಿರುಚಿದ್ದು ಕೇಳಿಸಲಿಲ್ಲ, ಚೀಲಗಳು ಬಿದ್ದ ಸದ್ದೇ ಅಷ್ಟಿತ್ತು. ಎಳೆದು ಸರಿಸಿದೆವು. ಅವಳ ಬಲಗಾಲು ಮಂಡಿಯ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಮೂಳೆ ಚರ್ಮವನ್ನು ಒಳಗಿನಿಂದ ಎತ್ತಿ ನಿಂತಿತ್ತು.

ಅರಗು ಓಡಿ ಬಂದ. ಕಾಲು ನೋಡಿದ. ಗೇಟಿನ ಕಡೆ ನೋಡಿದ.

"ಟ್ರಾಲಿ ತನ್ನಿ. ಹಿಂದಿನ ಗೇಟಿಗೆ ವ್ಯಾನ್ ಹಾಕಕ್ಕೆ ಹೇಳಿ."

ಇಬ್ಬರು ಟ್ರಾಲಿ ತಂದರು. ಬಗ್ಗಿ ಅವಳ ಕಂಕುಳಿಗೆ ಕೈ ಹಾಕಿದರು. ನಾನು ಪೊರಕೆ ಎಸೆದು ನೆಲದ ಮೇಲೆ ಕೂತೆ. ನನ್ನ ಸೊಂಟ ಕೂರುವ ಹಾಗೆ ಕೂರಲಿಲ್ಲ, ಬಿದ್ದೆ ಎಂದೇ ಹೇಳಬೇಕು. ಗೋಂದಕ್ಕನ ತಲೆ ತೊಡೆಯ ಮೇಲೆ ಎಳೆದುಕೊಂಡೆ.

"ಮುಟ್ಟಬೇಡಿ," ಅಂದೆ. "ಇವಳು ಇಲ್ಲೇ ಬಿದ್ದಿದ್ದಾಳೆ. ಆಂಬುಲೆನ್ಸ್ ಇಲ್ಲಿಗೇ ಬರಬೇಕು."

ಅವರು ಕೈ ತೆಗೆದರು. ನಾನು ನನ್ನ ಫೋನಿನಿಂದಲೇ ಆಂಬುಲೆನ್ಸಿಗೆ ಹೇಳಿದೆ, ಅಂಚೆ ಆಫೀಸು, ಮುಂಬಾಗಿಲು ಎಂದು ಎರಡೆರಡು ಸಲ ಹೇಳಿದೆ. ಅರಗು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಮುಖದಲ್ಲಿ ಬೆವರಿತ್ತು, ನಗುವೂ ಇತ್ತು.

"ಅಕ್ಕಾ, ಬುದ್ಧಿ ಉಪಯೋಗಿಸಿ. ಬರೋ ತಿಂಗಳು ಪಾರ್ಸೆಲ್ ವಿಭಾಗದಲ್ಲಿ ಸೂಪರ್‌ವೈಸರ್ ಜಾಗ ಖಾಲಿ ಆಗುತ್ತೆ. ನಾನು ಸಾಹೇಬರ ಹತ್ರ ನಿಮ್ಮ ಹೆಸರೇ ಹೇಳಿರೋದು. ಕುರ್ಚಿ, ಮೇಜು, ಭಾರ ಎತ್ತೋ ಹಾಗಿಲ್ಲ. ನಿಮ್ಮ ಕಾಲು ಉಳಿಯುತ್ತೆ. ಈಗ ಸ್ವಲ್ಪ ಎದ್ದೇಳಿ, ಅಷ್ಟೇ."

ಆಸೆ ಆಗಲಿಲ್ಲ ಎಂದರೆ ಸುಳ್ಳು. ಆ ಕ್ಷಣ ನನ್ನ ಎರಡೂ ಕಾಲು ಮರಗಟ್ಟಿದ್ದವು. ಡಾಕ್ಟರು ಹೇಳಿದ ದಿನ ಇದೇ ಇರಬಹುದೆಂದು ಭಯವಾಯಿತು. ಅಮ್ಮನ ಮುಖ ಕಣ್ಣ ಮುಂದೆ ಬಂತು. ಎದ್ದು ಪಕ್ಕಕ್ಕೆ ನಿಂತರೆ ಸಾಕಿತ್ತು, ನನ್ನ ಕೈಯಿಂದ ಟ್ರಾಲಿ ತಳ್ಳುವುದೂ ಬೇಡವಾಗಿತ್ತು.

"ಏಳಲ್ಲ," ಅಂದೆ.

"ಯಾರಿಗೋಸ್ಕರ ಅಕ್ಕಾ ಇದೆಲ್ಲ?"

"ಏಳಲ್ಲ ಅಂದ್ನಲ್ಲ. ಧೈರ್ಯ ಇದ್ರೆ ಇಬ್ಬರನ್ನೂ ಎತ್ತಿ ಟ್ರಾಲಿಗೆ ಹಾಕು."

ಅವನು ಎದ್ದು ನಿಂತ. ಯಾರೂ ಕದಲಲಿಲ್ಲ. ಆಂಬುಲೆನ್ಸಿನ ಸದ್ದು ಮುಂಬಾಗಿಲಿಗೆ ಬಂತು. ನಾನು ಈ ಆಫೀಸಿಗೆ ಸೇರಿದ ಮೇಲೆ ಆ ಸದ್ದು ಮುಂಬಾಗಿಲಲ್ಲಿ ಕೇಳಿದ್ದು ಅದೇ ಮೊದಲು. ಆಂಬುಲೆನ್ಸಿನವನು ಸ್ಟ್ರೆಚರ್ ಇಳಿಸಿ, ಕಾಲಿಗೆ ಹಲಗೆ ಕಟ್ಟಿ, ಜೇಬಿನಿಂದ ಪೆನ್ನು ತೆಗೆದ.

"ಎಲ್ಲಿ ಬಿದ್ರಿ ಅಮ್ಮಾ?"

ಗೋಂದಕ್ಕ ಕಣ್ಣು ತೆರೆದಳು. ಅರಗುವನ್ನು ನೋಡಿದಳು.

"ಮನೇಲಿ," ಅಂದಳು.

ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕೂದಲ ತುಂಬ ಅಂಚೆ ಚೀಲದ ಧೂಳಿತ್ತು. ಆಂಬುಲೆನ್ಸಿನವನು ಹಾಲ್ ಸುತ್ತ ನೋಡಿದ, ಚೆಲ್ಲಿದ ಚೀಲಗಳನ್ನು ನೋಡಿದ.

"ಮನೇಲಿ ಬಿದ್ದವರು ಇಲ್ಲಿಗೆ ಹೇಗೆ ಬಂದ್ರಿ?"

"ನಡ್ಕೊಂಡು ಬಂದೆ," ಅಂದಳು ಗೋಂದಕ್ಕ.

ಯಾರೂ ನಗಲಿಲ್ಲ. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅರಗು ಸುಳ್ಳು ಹೇಳಿದಾಗ ಆದ ಉರಿಗಿಂತ ಇದು ಆಳಕ್ಕೆ ಇಳಿಯಿತು. ಅವನು ನನ್ನ ಜೋಡಿ, ಇವಳು ನನ್ನ ಗೆಳತಿ. ಪೊರಕೆಯಲ್ಲಿ ಉತ್ತರ ಕೊಡು ಅಂದವಳು.

"ಯಾಕೆ ಹೀಗಂತೀಯಾ?" ಅಂದೆ. "ನಾನು ಎಲ್ಲ ಬಿಟ್ಟು ಇಲ್ಲಿ ಕೂತಿದ್ದೀನಿ ಕಣೇ."

ಅವಳು ಗೋಂದು ಮೆತ್ತಿದ ಬೆರಳಲ್ಲಿ ನನ್ನ ತೋಳು ಹಿಡಿದಳು. ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು.

"ಸಿಟ್ಟಾಗಬೇಡ. ಪಾರ್ಸೆಲ್ ವಿಭಾಗದ ಜಾಗ ನನಗೆ ಅಂದಿದ್ದಾನೆ. ಮುಂದಿನ ಸಲ ನಿಮ್ಮದೇ ಅಂತ ಮಾತು ಕೊಟ್ಟಿದ್ದಾನೆ. ಈಗ ಬಾಯಿ ಬಿಟ್ರೆ ಅದೂ ಹೋಗುತ್ತಲ್ಲೇ."

ಹಿಂದಿನಿಂದ ಮುದ್ರೆ ತಾತ ಒಂದು ಹೆಜ್ಜೆ ಮುಂದೆ ಬಂದ. ಅವನು ನೋಡಿದ್ದು ನನ್ನನ್ನಲ್ಲ, ಗೋಂದಕ್ಕನನ್ನು.

"ನಿನಗೂ ಅಂದ್ನಾ?" ಎಂದ.

ವರ್ಷ ಮುಗಿಯುವುದರೊಳಗೆ ನಿವೃತ್ತಿಯಾಗುವ ಮುದುಕ. ಅವನಿಗೂ ಮುಂದಿನ ಸಲ. ಟ್ರಾಲಿ ಹಿಡಿದು ನಿಂತಿದ್ದವರಲ್ಲಿ ಒಬ್ಬ ಇನ್ನೊಬ್ಬನ ಮುಖ ನೋಡಿದ. ಟ್ರಾಲಿಯ ಹಿಡಿಯಿಂದ ಇಬ್ಬರ ಕೈಯೂ ಮೆಲ್ಲಗೆ ಕೆಳಗೆ ಬಂತು. ಮೇಜಿನವರು ತಮ್ಮತಮ್ಮಲ್ಲೇ ನೋಡಿಕೊಂಡರು. ಇಡೀ ಹಾಲ್‌ನ ಮೂಗಿಗೆ ಅರಗು ಒಂದೇ ಬಟ್ಟಲಿನ ತುಪ್ಪ ಸವರಿದ್ದ.

"ಕೆಲಸ ನೋಡ್ಕೊಳ್ಳಿ ಎಲ್ಲರೂ," ಅಂದ ಅರಗು. ಅವನ ದನಿ ಒಡೆದಿತ್ತು. "ಏನಪ್ಪಾ ಆಂಬುಲೆನ್ಸು, ಅವರು ಹೇಳಿದ್ರಲ್ಲ, ಬರ್ಕೊಂಡು ಹೊರಡು."

ಆಂಬುಲೆನ್ಸಿನವನು ಅವನ ಕಡೆ ತಿರುಗಲಿಲ್ಲ. "ಅಮ್ಮಾ, ಇನ್ನೊಂದು ಸಲ ಕೇಳ್ತೀನಿ. ಎಲ್ಲಿ ಬಿದ್ದಿದ್ದು?"

ಗೋಂದಕ್ಕ ಮುದ್ರೆ ತಾತನನ್ನು ನೋಡಿದಳು. ನನ್ನನ್ನು ನೋಡಿದಳು. ಪಕ್ಕಕ್ಕೆ ಕೈ ಚಾಚಿ ಅಂಗೈಯಿಂದ ನೆಲವನ್ನು ಎರಡು ಸಲ ತಟ್ಟಿದಳು.

ಅವನು ಬರೆದುಕೊಂಡ.

ನನ್ನದನ್ನೂ ಬರೆದುಕೊಳ್ಳಿ ಅಂದೆ. ಆ ಕಟ್ಟೆಯ ಅಂಚು, ಆ ಜಾಗ, ಚೀಲ ಬಿಟ್ಟವನು ಇವನೇ ಎಂದೆ. ಯಾವಾಗ ಎಂದು ಕೇಳಿದ. ವರ್ಷಗಳಾದವು ಅಂದೆ. ಈ ಫಾರಂನಲ್ಲಿ ಹಳೇದಕ್ಕೆ ಜಾಗ ಇಲ್ಲಮ್ಮಾ ಎಂದು ಪೆನ್ನು ಜೇಬಿಗೆ ಹಾಕಿದ. ಅವನ ತಪ್ಪಿಲ್ಲ. ಇಬ್ಬರು ಬಂದು ಗೋಂದಕ್ಕನನ್ನು ಸ್ಟ್ರೆಚರಿಗೆ ಎತ್ತಿ ಮುಂಬಾಗಿಲಿನಿಂದ ಹೊರಗೆ ಒಯ್ದರು.

ಮುದ್ರೆ ತಾತ ನನಗೆ ಕೈ ಕೊಟ್ಟ. ಮೊದಲ ಸಲ ಏಳಲಾಗಲಿಲ್ಲ. ಎರಡನೆಯ ಸಲ ಎದ್ದೆ. ಕಾಲಿಗೆ ಸೂಜಿ ಚುಚ್ಚಿದ ಹಾಗೆ ಜೀವ ಬರುತ್ತಿತ್ತು. ಅರಗು ಅಡ್ಡ ಬಂದು ನಿಂತ. ಅಷ್ಟು ಜನರೆದುರು ಅಕ್ಕಾ ಅನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ.

"ನಿಮ್ಮ ಕಾಲ ಮೇಲೆ ನೀವೇ ಚಪ್ಪಡಿ ಎಳ್ಕೊಂಡ್ರಿ ಅಕ್ಕಾ."

"ಎಳ್ಕೊಂಡೆ," ಅಂದೆ. "ಇಲ್ಲೇ, ಈ ಹಾಲ್‌ನಲ್ಲೇ ಎಳ್ಕೊಂಡೆ. ಹೋಗಿ ನಿನ್ನ ಸಾಹೇಬರಿಗೆ ಹೇಳು, ಮನೇಲಿ ಅಲ್ಲ."